ಎಲ್ಲಿ ಬೇಕಾದರೂ ಕೂರಿ ಅಂದರು

ನಮ್ಮ ಆಫೀಸಿಗೆ ಹೊಸದು ಏನೇ ಬರಲಿ, ಒಂದು ವಾರ ಕಳೆಯೋದರೊಳಗೆ ಅದು ನಮ್ಮ ಹಾಗೇ ಆಗಿಬಿಡುತ್ತೆ. ಜೆರಾಕ್ಸ್ ಮೆಷಿನ್ನು ಬಂದಾಗಲೂ ಹಾಗೇ ಆಯ್ತು. ಅದರ ಬೆಚ್ಚಗಿನ ಮೈ ಮೇಲೆ ಮಳೆಗಾಲದಲ್ಲಿ ಛತ್ರಿ, ಕಾಲುಚೀಲ ಎಲ್ಲ ಒಣಗಿದವು. ಇನ್ನು ಕಂಪ್ಯೂಟರ್ ಯಾವ ಲೆಕ್ಕ?

ನಾನು ಬಸವನಗುಡಿಯ ಒಂದು ವಾರ್ಡ್ ಕಚೇರಿಯಲ್ಲಿ ಮನೆ, ಸೈಟುಗಳ ಖಾತಾ ವಿಭಾಗ ನೋಡಿಕೊಳ್ಳುತ್ತಿದ್ದೆ. ಮನೆ ಮಲ್ಲೇಶ್ವರದಲ್ಲಿ. ಬೆಳಗಾದರೆ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಎರಡರಲ್ಲೂ ನಿಂತುಕೊಂಡೇ ಪ್ರಯಾಣ. ಹೇಗೋ ನಡೀತಿತ್ತು. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿದ್ದ ಆ ವರ್ಷ ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಮಧ್ಯಾಹ್ನ ಯಾರಾದರೂ ಬಂದು ಊಟ ಹಾಕಿ, ಮಾತ್ರೆ ಕೊಟ್ಟು, ಕೈ ಹಿಡಿದು ಹಜಾರದಲ್ಲಿ ನಾಲ್ಕು ಹೆಜ್ಜೆ ನಡೆಸಲೇಬೇಕು. ನಮ್ಮನೆಯವರ ಫ್ಯಾಕ್ಟರಿ ಪೀಣ್ಯದಲ್ಲಿ. ನನ್ನ ರಜಾ ಎಲ್ಲ ಕರಗಿ ಹೋಗಿತ್ತು.

"ಕೆಲಸ ಬಿಟ್ಟುಬಿಡ್ತೀನಿ" ಅಂದೆ.

ಅತ್ತೆ ಮಲಗಿದ್ದಲ್ಲಿಂದಲೇ ಗುಡುಗಿದರು. "ನನ್ನ ಸೊಂಟದ ದೆಸೆಯಿಂದ ಸೊಸೆ ಸರ್ಕಾರಿ ಕೆಲಸ ಬಿಟ್ಟಳು ಅಂತ ಬೀದಿಯೆಲ್ಲ ಆಡ್ಕೊಳ್ಬೇಕಾ? ಬಿಟ್ಟು ನೋಡು, ಆಮೇಲೆ ನಾನು ಒಂದು ತುತ್ತೂ ಮುಟ್ಟಲ್ಲ!"

ಇಂಥ ಹೊತ್ತಿನಲ್ಲಿ ಸುತ್ತೋಲೆ ಬಂತು. ಇನ್ನು ಮೇಲೆ ನಮ್ಮೆಲ್ಲರ ಕಂಪ್ಯೂಟರ್ ಕೆಲಸವೂ ಹೆಡ್ಡಾಫೀಸಿನ ಒಂದು ದೊಡ್ಡ ಮೆಷಿನ್ನಿನಲ್ಲೇ ನಡೆಯುತ್ತಂತೆ. ಮೇಜಿನ ಮೇಲೆ ಪರದೆ, ಒಂದು ಪುಟ್ಟ ಡಬ್ಬ, ಅಷ್ಟೇ. ಯಾವ ಕಚೇರಿಯಲ್ಲಿ ಕೂತು ಹೆಸರು, ಗುಟ್ಟಿನ ಪದ ಒತ್ತಿದರೂ ನಮ್ಮ ಫೈಲುಗಳು ನಮ್ಮ ಮುಂದೆ ಬರುತ್ತವಂತೆ. ದೂರದಿಂದ ಬರುವವರು ಮನೆ ಹತ್ತಿರದ ವಾರ್ಡ್ ಕಚೇರಿಯಲ್ಲೇ ಕೂತು ಕೆಲಸ ಮಾಡಬಹುದಂತೆ. ಆರು ತಿಂಗಳು ಪ್ರಯೋಗ. ಆಮೇಲೆ ದೊಡ್ಡ ಸಾಹೇಬರು ಬಂದು ನೋಡಿ, ಇರಲಿ ಅಂದರೆ ಉಂಟು, ಬೇಡ ಅಂದರೆ ಇಲ್ಲ.

ಮಲ್ಲೇಶ್ವರದ ವಾರ್ಡ್ ಕಚೇರಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ. ಆ ಸುತ್ತೋಲೆಯನ್ನು ಕಣ್ಣಿಗೊತ್ತಿಕೊಂಡೆ ಅಂದರೆ ಸುಳ್ಳಲ್ಲ. ಪ್ರಯೋಗ ಗೆದ್ದರೆ ನನ್ನ ಕೆಲಸ ಉಳೀತು, ಸೋತರೆ ನಾನು ಕೆಲಸ ಬಿಡಬೇಕು, ಅತ್ತೆ ಉಪವಾಸ ಕೂರಬೇಕು.

ಶುಭಾರಂಭ

ಶುರುವಾದದ್ದು ಒಂದು ಶುಕ್ರವಾರ. ಊರಿನ ಎಲ್ಲ ವಾರ್ಡ್ ಕಚೇರಿಗಳಲ್ಲೂ ಅವತ್ತೇ. ನಮಗೆ ಹೇಳಿಕೊಡೋಕೆ ಒಬ್ಬ ಇಂಜಿನಿಯರ್ ಬಂದಿದ್ದರು. ಪಾಪ, ಒಳ್ಳೇ ಮನುಷ್ಯ. ವೈರು ಸಿಕ್ಕಿಸಿ, ಒರೆಸಿ, "ಎಲ್ಲ ರೆಡಿ, ಆನ್ ಮಾಡಿ" ಅಂತ ಹೇಳುವಷ್ಟರಲ್ಲಿ ಹತ್ತೂವರೆ ದಾಟಿತ್ತು.

ಯಾರೂ ಕದಲಲಿಲ್ಲ.

"ಯಾಕೆ, ಏನಾಯ್ತು?" ಅಂದರು ಇಂಜಿನಿಯರ್.

ನಮ್ಮ ಮ್ಯಾನೇಜರ್ ಗೋಡೆಯ ಕ್ಯಾಲೆಂಡರ್ ಕಡೆ ಕಣ್ಣು ತೋರಿಸಿದರು. "ರಾಹುಕಾಲ ಕಣ್ರೀ. ಹನ್ನೆರಡಕ್ಕೆ ಮುಗಿಯುತ್ತೆ. ಅಲ್ಲೀವರೆಗೂ ಒಂದು ಕಾಫಿ ಕುಡೀರಿ."

ಒಂದಲ್ಲ, ಮೂರು ಕಾಫಿ ಕುಡಿದರು. ಹನ್ನೆರಡು ಹೊಡೆಯಿತು. ಎಲ್ಲರೂ ಕಣ್ಣು ಮುಚ್ಚಿ ದೇವರನ್ನು ನೆನೆದು ಒಟ್ಟಿಗೇ ಗುಂಡಿ ಒತ್ತಿದೆವು. ಪರದೆ ಒಂದು ಸಲ ಬೆಳಗಿ, ಹಾಗೇ ನಿಂತುಹೋಯ್ತು. ಜಪ್ಪಯ್ಯ ಅಂದರೂ ಮುಂದೆ ಹೋಗಲೊಲ್ಲದು. ಮೊದಲ ದಿನವೇ ಹೀಗಾಯ್ತಲ್ಲಪ್ಪ ಅಂತ ನನಗೆ ಅಳುವೇ ಬಂತು.

ಇಂಜಿನಿಯರ್ ಹೆಡ್ಡಾಫೀಸಿಗೆ ಫೋನ್ ಮಾಡಿದರು. ಅಲ್ಲಿನ ಗೆಳೆಯ ಕೂಗುತ್ತಿದ್ದದ್ದು ನಮಗೂ ಕೇಳಿಸಿತು. "ಬೆಳಗ್ಗೆಯಿಂದ ಒಬ್ಬರೂ ಇಲ್ಲ ಗುರು, ಹನ್ನೆರಡಕ್ಕೆ ಊರಿಗೆ ಊರೇ ಬಾಗಿಲಿಗೆ ಬಂದು ಬಿದ್ದಿದೆ! ಮೆಷಿನ್ನು ಉಸಿರು ಬಿಡೋಕೂ ಆಗ್ತಿಲ್ಲ!"

"ಇಲ್ಲಿ ರಾಹುಕಾಲ ಅಂತ ಕಾದಿದ್ರಪ್ಪ. ಅಲ್ಲ, ಬೆಳಗ್ಗೇನೇ ಯಾರಾದರೂ ಬಂದಿದ್ರೆ ಏನಾಗ್ತಿತ್ತು?"

ಆ ಕಡೆಯಿಂದ ಉತ್ತರ ಬಂತು, "ಏನೂ ಆಗ್ತಿರಲಿಲ್ಲ. ನಾವೂ ಮೆಷಿನ್ನು ಆನ್ ಮಾಡಿದ್ದು ಹನ್ನೆರಡಕ್ಕೇ."

ಸರ್ಕಾರಿ ಸ್ವತ್ತು

ನಮ್ಮ ಮ್ಯಾನೇಜರ್‌ಗೆ ಬೀಗ ಅಂದರೆ ಪ್ರಾಣ. ಪಂಚಿಂಗ್ ಮೆಷಿನ್ನು, ಅಂಟಿನ ಬಾಟಲಿ, ಕೊನೆಗೆ ಗುಂಡುಸೂಜಿ ಡಬ್ಬೀನೂ ಬೀರುವಿಗೆ ಹೋಗಬೇಕು. ಆ ಪುಟ್ಟ ಡಬ್ಬಗಳನ್ನು ನೋಡಿದ ಕೂಡಲೇ ಅವರ ಕೈ ಬೀಗದ ಕೈಗೊಂಚಲಿಗೆ ಹೋಯ್ತು. ಅವತ್ತು ಸಂಜೆಯೇ ಎಲ್ಲ ಡಬ್ಬಗಳ ವೈರು ಕಿತ್ತು, ಬೀರುವಿನಲ್ಲಿ ಒಂದರ ಮೇಲೊಂದು ಪೇರಿಸಿ, ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ ಹೊರಟರು.

ಮಾರನೇ ದಿನ ಅವರು ಮಗಳ ಸೀಮಂತಕ್ಕೆ ಅಂತ ದಾವಣಗೆರೆಗೆ ಹೊರಟುಹೋದರು. ಬೀಗದ ಕೈ ಅವರ ಸೊಂಟದಲ್ಲೇ ಹೋಯ್ತು. ನಾವು ಹದಿನಾರು ಜನ ಬರೀ ಪರದೆ ನೋಡಿಕೊಂಡು ಕೂತೆವು. ಖಾತಾ ಕೇಳೋಕೆ ಬಂದವರಿಗೆ ಸುಮ್ಮನೆ "ಸಿಸ್ಟಂ ಡೌನ್" ಅಂತ ಹೇಳಿ ಕಳಿಸಿದೆವು.

ಅವರು ಹಿಂತಿರುಗಿದ ಮೇಲೆ ಇಂಜಿನಿಯರ್ ಕೈ ಮುಗಿದು ಕೇಳಿಕೊಂಡರು. "ಸಾರ್, ಡಬ್ಬದೊಳಗೆ ಏನೂ ಇಲ್ಲ. ಫೈಲು, ಲೆಕ್ಕ ಎಲ್ಲ ಹೆಡ್ಡಾಫೀಸಲ್ಲಿದೆ. ಇದು ಖಾಲಿ."

"ಗೊತ್ತು ರೀ" ಅಂದರು ಮ್ಯಾನೇಜರ್. "ನಮ್ಮ ಕ್ಯಾಷ್ ಪೆಟ್ಟಿಗೆಯೂ ಖಾಲೀನೇ. ಹಾಗಂತ ಬೀಗ ಹಾಕದೆ ಬಿಡ್ತೀವಾ?"

ಕರ್ಚೀಫು

ಅರ್ಧ ಜನ ಬೇರೆ ಕಡೆ ಕೂರುತ್ತಾರೆ ಅನ್ನೋ ಲೆಕ್ಕದಲ್ಲಿ ಕುರ್ಚಿ ಮೇಜುಗಳನ್ನೂ ಕಡಿಮೆ ಮಾಡಿದರು. ಯಾರ ಜಾಗವೂ ಯಾರದ್ದೂ ಅಲ್ಲ, ಮೊದಲು ಬಂದವರು ಕೂರಬಹುದು. ಇಂಜಿನಿಯರ್ ಇದನ್ನು ಬಹಳ ಚೆನ್ನಾಗಿ ವಿವರಿಸಿದರು. ನಾವೂ ಬಹಳ ಚೆನ್ನಾಗಿ ಅರ್ಥ ಮಾಡ್ಕೊಂಡೆವು. ಸಿಟಿ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದೇ ಬೆಳೆದವರು ನಾವು, ನಮಗೆ ಇದನ್ನ ಹೇಳಿಕೊಡಬೇಕಾ?

ಸೋಮವಾರ ನೋಡಿದರೆ ಒಂದು ಕುರ್ಚಿಯ ಮೇಲೆ ಕರ್ಚೀಫು, ಇನ್ನೊಂದರ ಮೇಲೆ ಛತ್ರಿ, ಮತ್ತೊಂದರ ಮೇಲೆ ಮಜ್ಜಿಗೆ ಬಾಟಲಿ. ಫ್ಯಾನಿನ ಕೆಳಗಿನ ಕುರ್ಚಿಗೆ ಮಾತ್ರ ಯಾವಾಗಲೂ ಒಂದೇ ಟವೆಲ್ಲು. ಅದು ತೆರಿಗೆ ವಿಭಾಗದ ಹಿರಿಯರದ್ದು. ಗಾಂಧಿ ಬಜಾರಿನ ಹಿಂದೆಯೇ ಅವರ ಮನೆ. ಬೆಳಗ್ಗೆ ವಾಕಿಂಗ್ ಮುಗಿಸಿ ಎಂಟಕ್ಕೇ ಬಂದು ಟವೆಲ್ಲು ಹಾಸಿ, ಮನೆಗೆ ಹೋಗಿ ಸ್ನಾನ, ಪೂಜೆ, ತಿಂಡಿ ಎಲ್ಲ ಮುಗಿಸಿ ಹತ್ತೂವರೆಗೆ ನಿಧಾನವಾಗಿ ಬರೋರು.

ಇಂಜಿನಿಯರ್‌ಗೆ ತಡೆಯಲಾಗಲಿಲ್ಲ. "ಸಾರ್, ಹೇಗೂ ಎಂಟಕ್ಕೇ ಬರ್ತೀರಿ. ಹಾಗೇ ಕೂತು ಕೆಲಸ ಶುರು ಮಾಡಿ, ಸಂಜೆ ಬೇಗ ಹೋಗಬಹುದಲ್ವಾ? ಈ ಯೋಜನೆಯಲ್ಲಿ ಅದಕ್ಕೂ ಅವಕಾಶ ಇದೆ."

ಹಿರಿಯರಿಗೆ ನಿಜವಾಗಲೂ ಬೇಜಾರಾಯ್ತು. "ಏನ್ರೀ ನೀವು! ಸ್ನಾನ ಇಲ್ಲದೆ ಆಫೀಸಿಗೆ ಬರೋಕಾಗುತ್ತಾ?"

ಪ್ರಸಾದ

ಆಯುಧಪೂಜೆ ಬಂತು. ಬೇರೆ ಕಡೆ ಕೂರೋರೂ ಅವತ್ತು ಬಸವನಗುಡಿಗೇ ಬಂದಿದ್ದೆವು. ವರ್ಷಾವರ್ಷ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಏರಿಸಿ, ಕಡ್ಲೆಪುರಿ ಹಂಚುವುದು ನಮ್ಮ ಪದ್ಧತಿ. ಈ ಸಲ ಕುಂಕುಮದ ಬಟ್ಟಲು ಹಿಡಿದ ಮ್ಯಾನೇಜರ್ ಕೈ ಅರ್ಧಕ್ಕೇ ನಿಂತಿತು. "ಅಲ್ಲ, ಕಂಪ್ಯೂಟರ್ ಇಲ್ಲಿಲ್ಲವಲ್ಲ. ಖಾಲಿ ಡಬ್ಬಕ್ಕೆ ಪೂಜೆ ಮಾಡಿ ಅಲ್ಲಿರೋದನ್ನ ಬಿಟ್ಟರೆ ಅದು ಮುನಿಸ್ಕೊಳ್ಳಲ್ವಾ?"

ಆರು ತಿಂಗಳ ಪ್ರಯೋಗ ಮುಗಿಯುವವರೆಗೂ ಆ ಮೆಷಿನ್ನು ಮುನಿಸಿಕೊಳ್ಳಬಾರದು ಅನ್ನೋದರಲ್ಲಿ ಎಲ್ಲರಿಗಿಂತ ನನಗೇ ಹೆಚ್ಚು ಆಸಕ್ತಿ. "ಕಳಿಸಿಬಿಡೋಣ ಸಾರ್" ಅಂದೆ. ಒಂದು ಮೊಳ ಮಲ್ಲಿಗೆ, ಕುಂಕುಮದ ಪೊಟ್ಟಣ, ಬೆಲ್ಲ ಬೆರೆಸಿದ ಕಡ್ಲೆಪುರಿ ಎಲ್ಲ ಕಟ್ಟಿ ನಮ್ಮ ಅಟೆಂಡರ್ ಕೈಲಿ ಹೆಡ್ಡಾಫೀಸಿಗೆ ಕಳಿಸಿದೆವು. ಅಲ್ಲಿ ಹೋಗಿ ನೋಡಿದರೆ ಬೇರೆ ಕಚೇರಿಗಳ ಅಟೆಂಡರುಗಳೂ ಪೊಟ್ಟಣ ಹಿಡಿದು ಸಾಲಾಗಿ ನಿಂತಿದ್ದರಂತೆ.

ಎರಡು ದಿನದ ಮೇಲೆ ಆ ಮೆಷಿನ್ನು ನೋಡಿಕೊಳ್ಳುವವರು ಫೋನ್ ಮಾಡಿದರು. "ನಿಮ್ಮ ಭಕ್ತಿಗೆ ದೊಡ್ಡ ನಮಸ್ಕಾರ. ಮುಂದಿನ ವರ್ಷ ಹೂವು ಮಾತ್ರ ಕಳಿಸಿ. ಬೆಲ್ಲಕ್ಕೆ ಮೆಷಿನ್ನೊಳಗೆ ಇರುವೆ ಸೇರ್ಕೊಂಡಿವೆ."

ಅರ್ಧ ಸಂಬಳ

ಏನೇ ಆದರೂ ನನ್ನ ಪಾಲಿಗೆ ಅದು ಸುಖದ ಕಾಲ. ಕಲಿಕೆಯ ಮೊದಲ ದಿನಗಳು ಮುಗಿದ ಮೇಲೆ ಮಲ್ಲೇಶ್ವರದ ಕಚೇರಿಯಲ್ಲಿ ಕೂತು ಬಸವನಗುಡಿಯ ಖಾತಾ ಫೈಲು ತೆಗೆಯುತ್ತಿದ್ದೆ. ಒಂದು ಗಂಟೆಗೆ ಮನೆಗೆ ಹೋಗಿ ಬಿಸಿಬಿಸಿಯಾಗಿ ಅತ್ತೆಗೆ ಬಡಿಸಿ, ನಾನೂ ಉಂಡು, ಅವರನ್ನು ಹಜಾರದಲ್ಲಿ ನಡೆಸಿ, ಎರಡಕ್ಕೆ ಸರಿಯಾಗಿ ಮತ್ತೆ ಕುರ್ಚಿಯಲ್ಲಿ. ಅತ್ತೆ ಕೋಲು ಹಿಡಿದು ಬಾಗಿಲವರೆಗೂ ಬರುವಂತಾದರು. ನಿಜ ಹೇಳ್ತೀನಿ, ಅಷ್ಟು ವರ್ಷದ ನೌಕರಿಯಲ್ಲಿ ಅಷ್ಟು ನೆಮ್ಮದಿ ನಾನು ಕಂಡಿರಲಿಲ್ಲ.

ಆದರೆ ಪಕ್ಕದ ಮನೆಯಾಕೆಯ ನೆಮ್ಮದಿ ಕೆಟ್ಟಿತು. ದಿನಾ ಮಧ್ಯಾಹ್ನ ನಾನು ಮನೆಗೆ ಬರುವುದನ್ನು ಕಿಟಕಿಯಿಂದ ನೋಡಿ ನೋಡಿ, ಒಂದು ದಿನ ಒಂದು ಪಾತ್ರೆ ಹುಳಿ ಹಿಡ್ಕೊಂಡು ಬಂದರು. ಕಣ್ಣಲ್ಲಿ ನೀರು. ನನ್ನ ಕೈ ಹಿಡಿದುಕೊಂಡು, "ಧೈರ್ಯ ತಗೊಳ್ಳಿ. ಇದೆಲ್ಲ ಯಾರ ಮನೇಲಿ ಆಗಲ್ಲ ಹೇಳಿ" ಅಂದರು.

"ಏನಾಯ್ತು?" ಅಂದೆ ನಾನು ಗಾಬರಿಯಿಂದ.

"ಅದೇ, ಸಸ್ಪೆಂಡ್ ಆಗಿದೆಯಂತಲ್ಲ. ಎಷ್ಟು ತಗೊಂಡ್ರಿ ಅಂತ ಕೇಳೋಕೆ ಬರಲಿಲ್ಲಪ್ಪ ನಾನು. ನಮ್ಮ ಭಾವನವರಿಗೂ ಹೀಗೇ ಆಗಿತ್ತು. ಕೂತ ಕಡೆ ಅರ್ಧ ಸಂಬಳ ಬರುತ್ತೆ, ಯೋಚನೆ ಮಾಡ್ಬೇಡಿ."

ನಾನು ಮೆಷಿನ್ನು, ಹೆಡ್ಡಾಫೀಸು, ಡಬ್ಬ ಅಂತ ವಿವರಿಸುತ್ತಾ ಹೋದೆ. ಆಕೆಯ ಮುಖದಲ್ಲಿ ಕನಿಕರ ಇನ್ನೂ ಹೆಚ್ಚಾಯ್ತೇ ಹೊರತು ನಂಬಿಕೆ ಹುಟ್ಟಲಿಲ್ಲ. ಒಳಗಿನಿಂದ ಅತ್ತೆ ಪಿಸುಗುಟ್ಟಿದರು. "ಸುಮ್ನಿರೇ. ಹುಳಿ ಘಮಘಮ ಅಂತಿದೆ. ಇನ್ನೆರಡು ದಿನ ಸಸ್ಪೆಂಡಲ್ಲೇ ಇರು."

ದೊಡ್ಡ ಸಾಹೇಬರು ಬಂದರು

ಆರು ತಿಂಗಳು ಮುಗಿಯಿತು. ದೊಡ್ಡ ಸಾಹೇಬರು ಬಸವನಗುಡಿ ಕಚೇರಿಗೇ ಬರುತ್ತಾರೆ, ನೋಡಿ ಅಲ್ಲೇ ತೀರ್ಮಾನ ಬರೆಯುತ್ತಾರೆ ಅಂತ ಸುದ್ದಿ ಬಂತು. ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ರೇಷ್ಮೆ ಸೀರೆ ಉಟ್ಟು, ಅತ್ತೆ ಕಾಲಿಗೆ ನಮಸ್ಕಾರ ಮಾಡಿ, ಎರಡು ಬಸ್ಸು ಹತ್ತಿ ಬಸವನಗುಡಿಗೆ ಹೋದೆ. ದೊಡ್ಡವರು ಬರುವಾಗ ನಾವು ಎದುರಿಗೆ ಇಲ್ಲದಿದ್ದರೆ ಮರ್ಯಾದೆಯಾ?

ಹೋಗಿ ನೋಡಿದರೆ ಎಲ್ಲರಿಗೂ ಅದೇ ಯೋಚನೆ ಬಂದಿತ್ತು. ಯಲಹಂಕದಲ್ಲಿ ಕೂರೋರು, ಜಯನಗರದಲ್ಲಿ ಕೂರೋರು, ನನ್ನ ಜೊತೆ ಮಲ್ಲೇಶ್ವರದಲ್ಲಿ ಕೂರುವ ಇನ್ನಿಬ್ಬರು, ಎಲ್ಲರೂ ಹಾಜರು. ಕುರ್ಚಿ ಇದ್ದದ್ದು ಅರ್ಧ ಜನಕ್ಕೆ. ಉಳಿದವರು ಗೋಡೆಗೆ ಒರಗಿ ನಿಂತೆವು.

ಸಾಹೇಬರು ಒಳಗೆ ಬಂದರು. ಕೂತವರನ್ನು ನೋಡಿದರು, ನಿಂತವರನ್ನು ನೋಡಿದರು. ಹುಬ್ಬು ಗಂಟಾಯ್ತು. "ಏನ್ರೀ ಇದು? ಅರ್ಧ ಜನಕ್ಕೆ ಕೂರೋಕೇ ಜಾಗ ಇಲ್ಲ! ಆರು ತಿಂಗಳಿಂದ ಹೀಗೆ ನಿಂತ್ಕೊಂಡು ಕೆಲಸ ಮಾಡ್ತಿದಾರಾ? ಹಳೇ ಮೇಜು ಕುರ್ಚಿ ವಾಪಸ್ ತರಿಸಿ. ಈ ಯೋಜನೆ ಸಾಕು."

ಮುಗೀತು ನನ್ನ ಕೆಲಸ ಅಂದ್ಕೊಂಡೆ.

ಮ್ಯಾನೇಜರ್ ತಡವರಿಸಿದರು. "ಇಲ್ಲ ಸಾರ್, ಇವರ‍್ಯಾರೂ ಇಲ್ಲಿ ಇರೋದೇ ಇಲ್ಲ ಸಾರ್. ಮಲ್ಲೇಶ್ವರದಲ್ಲಿ, ಅಲ್ಲಿ ಇಲ್ಲಿ ಕೂತು ಬಹಳ ಚೆನ್ನಾಗಿ ಕೆಲಸ ಮಾಡ್ತಾರೆ."

"ಕಾಣ್ತಾ ಇದೆಯಲ್ಲ! ಎಲ್ಲಿ, ಮಲ್ಲೇಶ್ವರಕ್ಕೆ ಫೋನ್ ಹಾಕಿ. ಅಲ್ಲಿ ಯಾರು ಕೂತು ಕೆಲಸ ಮಾಡ್ತಿದಾರೆ ಕೇಳ್ತೀನಿ."

ಸ್ಪೀಕರ್ ಹಾಕಿ ಫೋನ್ ಹಚ್ಚಿದರು. ಮಲ್ಲೇಶ್ವರದ ಅಟೆಂಡರ್ ಎತ್ತಿದ.

"ಬಸವನಗುಡಿಯ ಸಿಬ್ಬಂದಿ ಯಾರಿದಾರೆ ಅಲ್ಲಿ?" ಅಂದರು ಸಾಹೇಬರು.

"ಯಾರೂ ಇಲ್ಲ ಸಾರ್. ದಿನಾ ಇರ್ತಾರೆ, ಇವತ್ತಿಲ್ಲ."

"ಎಲ್ಲಿ ಹೋದರು?"

"ಬಸವನಗುಡಿಗೆ ಹೋಗಿದಾರೆ ಸಾರ್. ಬಸವನಗುಡಿಗೆ ಹೋಗೋ ಅಗತ್ಯ ಇಲ್ಲ ಅಂತ ಯಾರೋ ದೊಡ್ಡ ಸಾಹೇಬರಿಗೆ ತೋರಿಸಬೇಕಂತೆ."

ಸಾಹೇಬರ ಭುಜ ಕುಲುಕೋಕೆ ಶುರುವಾಯ್ತು. ಕೋಪಕ್ಕೆ ಇರಬೇಕು ಅಂದ್ಕೊಂಡೆ. ನೋಡಿದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಾರೆ.

"ಅಲ್ಲ, ಈ ಯೋಜನೆ ನಿಜವಾಗಲೂ ಬೇಕಾಗಿರೋದು ಯಾರಿಗೆ?" ಅಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಮ್ಯಾನೇಜರೇ ಮುಂದೆ ಬಂದು, "ಈಕೆಗೆ ಸಾರ್. ಇವರತ್ತೆ ಸೊಂಟ ಮುರ್ಕೊಂಡು ಮಲಗಿದಾರೆ. ಮಧ್ಯಾಹ್ನ ಇವರೇ ಹೋಗಿ ಊಟ ಹಾಕಿ ನಡೆಸ್ಬೇಕು. ಇದು ನಿಂತರೆ ಈಕೆ ಕೆಲಸ ಬಿಡ್ತಾರೆ" ಅಂದರು. ಅವತ್ತಿನಿಂದ ಅವರ ಬೀಗದ ಹುಚ್ಚನ್ನೆಲ್ಲ ಕ್ಷಮಿಸಿಬಿಟ್ಟೆ.

ಸಾಹೇಬರು ನನ್ನನ್ನೇ ನೋಡಿದರು. "ಹಾಗಾದ್ರೆ ನೀವು ಇಲ್ಲಿ ನಿಂತಿದ್ದೀರಲ್ಲಮ್ಮ, ಇವತ್ತು ಅವರಿಗೆ ಊಟ ಯಾರು ಹಾಕ್ತಾರೆ?"

"ನಮ್ಮನೆಯವರು ಸಾರ್" ಅಂದೆ. "ಯಾರೂ ರಜಾ ಹಾಕದೆ ಮನೆ ನಡೆಯುತ್ತೆ ಅಂತ ನಿಮಗೆ ಹೇಳೋಕೆ ನಾನು ಇಲ್ಲಿಗೆ ಬರಬೇಕಿತ್ತಲ್ಲ, ಅದಕ್ಕೇ ಅವರು ರಜಾ ಹಾಕಿ ಮನೇಲಿದಾರೆ."

ಈ ಸಲ ಕಚೇರಿಗೆ ಕಚೇರಿಯೇ ನಕ್ಕಿತು. ಸಾಹೇಬರು ನಿಂತಲ್ಲೇ ಪೆನ್ನು ತೆಗೆದು, ಫೈಲಿನ ಮೇಲೆ "ಮುಂದುವರಿಸಿ" ಅಂತ ಬರೆದು ಸಹಿ ಹಾಕಿದರು. ನನಗೆ ಅಳು ನಗು ಎರಡೂ ಒಟ್ಟಿಗೇ ಬಂತು. ಸೆರಗಲ್ಲಿ ಮುಖ ಒರೆಸಿಕೊಂಡೆ. ಅವರು ಪೆನ್ನು ಜೇಬಿಗೆ ಸಿಕ್ಕಿಸಿ ಗಡಿಯಾರ ನೋಡಿದರು.

"ಇನ್ನೂ ಯಾಕಮ್ಮ ನಿಂತಿದ್ದೀರಿ? ಬೇಗ ಹೊರಡಿ. ನಿಮ್ಮನೆಯವರ ಅರ್ಧ ದಿನದ ರಜಾ ಆದರೂ ಉಳೀಲಿ."