ರಕ್ತದಲ್ಲಿ ಸಮಪಾಲು

ಉಚ್ಚಂಗೆಪ್ಪನ ಕಷ್ಟ ಶುರುವಾದದ್ದು ‘ಪಾಲುದಾರರು’ ಎಂಬ ಒಂದು ಪದದಿಂದ.

ಅದು ೧೯೮೩ನೇ ಇಸವಿ. ಹೊನ್ನಾಳಿ ಕಡೆಯ ಹಳ್ಳಿಯೊಂದರಲ್ಲಿ ಅವನು ಆರೋಗ್ಯ ಸಹಾಯಕ. ಹೆಂಗಸರ ರಕ್ತಹೀನತೆಯ ಮೇಲೆ ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ಶಾಂತಾದೇವಿಯವರು ಹಿಂದಿನ ವಾರವೇ ಬಂದು ಹೇಳಿ ಹೋಗಿದ್ದರು: "ಊರವರನ್ನು ಬರೀ ಚುಚ್ಚಿಸಿಕೊಳ್ಳುವವರು ಅಂದುಕೊಳ್ಳಬೇಡಿ. ಅವರು ನಮ್ಮ ಪಾಲುದಾರರು. ಹೇಗೆ ಮಾಡಬೇಕು ಅಂತ ಅವರನ್ನೇ ಕೇಳಿ. ಶುಕ್ರವಾರ ಸಂಜೆ ಐದರ ಬಸ್ಸಿಗೆ ಬರುತ್ತೇನೆ. ಹದಿನಾಲ್ಕು ಮನೆಯ ಚೀಟಿ ಸಿದ್ಧವಾಗಿರಲಿ."

ಕೆಲಸವೇನೋ ಸುಲಭದ್ದು. ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಹೀರುಕಾಗದದ ಚೀಟಿಗೆ ಇಳಿಸಬೇಕು. ಕೆಂಪಿನ ಹತ್ತು ಬಗೆ, ಪಕ್ಕದಲ್ಲಿ ಐದರಿಂದ ಹದಿನಾಲ್ಕರವರೆಗೆ ಅಂಕಿ ಅಚ್ಚಾಗಿದ್ದ ಕಾರ್ಡಿಗೆ ಅದರ ಬಣ್ಣವನ್ನು ಹೋಲಿಸಿ ರಕ್ತ ಎಷ್ಟಿದೆಯೆಂದು ಬರೆಯಬೇಕು. ಯಾರನ್ನೂ ಕೇಳದೆ ಮಾಡಿದ್ದರೆ ಊಟದ ಹೊತ್ತಿಗೆ ಮುಗಿದಿರುತ್ತಿತ್ತು. ಉಚ್ಚಂಗೆಪ್ಪ ಕೇಳಿದ. ಅದೂ ಶುಕ್ರವಾರ ಬೆಳಗ್ಗೆ, ಓಬವ್ವನನ್ನು.

ಓಬವ್ವ ಊರಿನ ಅರ್ಧ ಜನಕ್ಕೆ ಹೆರಿಗೆ ಮಾಡಿಸಿದ ಮುದುಕಿ. ಅವಳು ಹೂಂ ಅನ್ನದೆ ಆ ಕೇರಿಯಲ್ಲಿ ಬೆಕ್ಕು ಕೂಡ ಮರಿ ಹಾಕುತ್ತಿರಲಿಲ್ಲ.

"ಪಾಲುದಾರರು ಅಂದ್ರೆ ಏನ್ರಿ?" ಎಂದಳು.

"ನೀವೂ ನಾವೂ ಸೇರಿ ಮಾಡೋದು, ಯವ್ವಾ."

"ಹಂಗಾದ್ರೆ ಸಮಪಾಲು. ನಮ್ಮ ಹೆಣ್ಮಕ್ಕಳು ಬೆರಳು ಕೊಡಬೇಕಾದ್ರೆ ಮೊದ್ಲು ನೀವು ಕೊಡ್ರಿ. ಮನೆಮನ್ಯಾಗೂ."

"ಒಂದು ಸಲ ಚುಚ್ಚಿಕೊಂಡು ತೋರಿಸಿದ್ರೆ ಸಾಲದಾ?"

"ಗಿಡ್ಡಮ್ಮನ ಮನ್ಯಾಗೆ ಚುಚ್ಚಿಕೊಂಡಿದ್ದು ದುರುಗಮ್ಮನಿಗೆ ಹೆಂಗೆ ಕಾಣಬೇಕು? ಇನ್ನೊಂದು ಮಾತು. ಕಾರ್ಡು ನೋಡಿ ಎಷ್ಟು ಅಂತ ಹೇಳೋರು ಮನೆಯಾಕೆ, ನೀವಲ್ಲ."

ಪಾಲುದಾರರ ಮಾತು ಮೀರುವಂತಿಲ್ಲ. ಕೆಲಸವಿಲ್ಲದೆ ಕಟ್ಟೆಯ ಮೇಲೆ ಕುಳಿತಿದ್ದ ದೊಡ್ಡಣ್ಣ ಲೆಕ್ಕದ ಪುಸ್ತಕ ಹಿಡಿಯುತ್ತೇನೆಂದು ಕರೆಯದೆಯೇ ಎದ್ದು ಬಂದ. ಮೂವರೂ ಹೊರಟರು.

ಗಿಡ್ಡಮ್ಮ ಅಡುಗೆಮನೆಯ ಕತ್ತಲಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಉಚ್ಚಂಗೆಪ್ಪ ಕುದಿಸಿ ತಂದ ಸೂಜಿ ತೆಗೆದು ತನ್ನ ಬೆರಳಿಗೇ ಚುಚ್ಚಿಕೊಂಡ. ಅವಳು ಒಲೆಯ ಬೆಳಕಿಗೆ ಚೀಟಿ ಹಿಡಿದು, "ಹದಿಮೂರು" ಎಂದಳು. ದೊಡ್ಡಣ್ಣ ಬರೆದುಕೊಂಡ.

"ಈಗ ನಿಮ್ಮ ಬೆರಳು ಕೊಡ್ರಿ."

"ಕೈಯೆಲ್ಲ ಹಿಟ್ಟಾಗೈತೆ. ನಾಳೆ ಬರ್ರಿ."

ಎರಡನೆಯ ಮನೆಯಲ್ಲಿ ದುರುಗಮ್ಮ ಅವನ ಹನಿಯನ್ನು ಅಂಗಳದ ಬಿಸಿಲಿಗೆ ಹಿಡಿದು "ಎಂಟು" ಎಂದಳು. ಅವಳ ಬೆರಳು ಹಿಡಿಯುವಷ್ಟರಲ್ಲಿ ಅತ್ತೆ ಒಳಗಿನಿಂದಲೇ, "ಶುಕ್ರವಾರ ಮನೆ ಹೆಣ್ಮಗಳ ರಕ್ತ ಹೊರಗೆ ಹೋಗಬಾರದು" ಎಂದಳು. ಮೂರನೆಯ ಮನೆಯವಳಿಗೆ ಕಳೆ ತೆಗೆಯಲು ಹೊತ್ತಾಗಿತ್ತು. ನಾಲ್ಕನೆಯವಳು ಗಂಡನನ್ನು ಕೇಳಬೇಕಿತ್ತು. ಗಂಡ ಹೋಗಿದ್ದದ್ದು ಸವಳಂಗದ ಸಂತೆಗೆ. ಆದರೆ ಉಚ್ಚಂಗೆಪ್ಪನ ಹನಿಯ ಲೆಕ್ಕ ಹೇಳುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತು ಇಲ್ಲದಿರಲಿಲ್ಲ.

"ಸಾರ್, ಆ ಬೆರಳು ಆಗ್ಲೇ ಎರಡು ಸಲ ಆತು. ಪಕ್ಕದ್ದು ಹಿಡೀರಿ," ಎಂದು ದೊಡ್ಡಣ್ಣ ನೆನಪಿಸುತ್ತಿದ್ದ.

"ನನ್ನ ಬೆರಳು ನನಗೆ ಗೊತ್ತಿಲ್ವೇನಯ್ಯಾ?"

"ಸಿಟ್ಟಾಗಬ್ಯಾಡ್ರಿ. ಸಿಟ್ಟಿಗೆ ರಕ್ತ ಜಾಸ್ತಿ ಬರ್ತೈತಂತೆ."

ಮಧ್ಯಾಹ್ನದ ಹೊತ್ತಿಗೆ ಅವನ ಎಡಗೈ ಎಣ್ಣೆಯಲ್ಲಿ ಬೆಂದ ಬದನೆಕಾಯಿಯಂತಾಗಿತ್ತು. ಹನ್ನೊಂದನೆಯ ಮನೆಯ ಮುದುಕಿ ಕನಿಕರದಿಂದ ಮಜ್ಜಿಗೆ ಕೊಟ್ಟು, "ಯಾವ ದೇವರಿಗೆ ಹರಕೆ ಹೊತ್ತೀಯಪ್ಪಾ?" ಎಂದು ಕೇಳಿದಳು. ಉಚ್ಚಂಗೆಪ್ಪ ಮಜ್ಜಿಗೆ ಕುಡಿದು ಚುಚ್ಚಿಕೊಂಡ.

ನಾಲ್ಕೂವರೆಗೆ ಅವನ ಕೈಯಲ್ಲಿ ಹದಿನಾಲ್ಕು ಚೀಟಿಗಳಿದ್ದವು. ಹದಿನಾಲ್ಕೂ ಅವನ ರಕ್ತವೇ. ಓಬವ್ವ ಮುಖ ತೊಳೆಯಲು ಮನೆಗೆ ಹೋದಳು. ಉಚ್ಚಂಗೆಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ.

"ಹೆಂಗಸರ ಹೆಸರು ಬರದುಬಿಡ್ರಿ ಸಾರ್," ಎಂದ ದೊಡ್ಡಣ್ಣ. "ರಕ್ತ ಏನು ಬಾಯಿಬಿಟ್ಟು ಹೇಳ್ತೈತಾ?"

ಹನ್ನೊಂದು ವರ್ಷದ ನೌಕರಿಯಲ್ಲಿ ಅವನು ಸುಳ್ಳು ಬರೆದವನಲ್ಲ. ಬಸ್ಸಿನ ಹಾರನ್ ದೂರದಲ್ಲಿ ಕೇಳಿಸಿತು. ಗಿಡ್ಡಮ್ಮ, ದುರುಗಮ್ಮ ಎಂದು ಒಂದೊಂದರ ಮೇಲೂ ಬರೆದುಬಿಟ್ಟ.

ಶಾಂತಾದೇವಿಯವರು ಬಸ್ಸಿಳಿದು ನೇರ ಕಟ್ಟೆಗೇ ಬಂದರು. ಚೀಟಿಗಳನ್ನೂ ಪುಸ್ತಕವನ್ನೂ ನಿಧಾನವಾಗಿ ನೋಡಿದರು. ಹದಿಮೂರು, ಎಂಟು, ಹತ್ತು, ಏಳು. "ಚೆನ್ನಾಗಿ ಮಾಡಿದ್ದೀರಿ ಉಚ್ಚಂಗೆಪ್ಪನವರೇ. ಊರಿನ ಹೆಣ್ಣುಮಕ್ಕಳ ನಿಜವಾದ ಸ್ಥಿತಿ ಕಾಣುತ್ತಿದೆ."

ಅವನು ಉಸಿರು ಬಿಡುವಷ್ಟರಲ್ಲಿ ಓಬವ್ವ ಬಂದು ನಿಂತಳು.

"ಹೆಣ್ಮಕ್ಕಳದಲ್ಲ ಡಾಕ್ಟರಮ್ಮಾ. ಹದಿನಾಲ್ಕೂ ಇವರದೇ ರಕ್ತ."

ಶಾಂತಾದೇವಿಯವರು ಚೀಟಿಯ ಮೇಲಿನ ಹೆಸರು ನೋಡಿದರು, ಅವನ ಕೈ ನೋಡಿದರು. ಉಚ್ಚಂಗೆಪ್ಪ ನೆಲ ನೋಡಿದ.

"ನಾನೇ ಹೆಣ್ಮಕ್ಕಳಿಗೆಲ್ಲ ಯಾರೂ ಬೆರಳು ಕೊಡಬ್ಯಾಡ್ರಿ ಅಂತ ಮುಂಜಾನೆ ಇವರು ಸೂಜಿ ಕುದಿಸೋ ಹೊತ್ತಿಗೇ ಹೇಳಿ ಕಳಿಸಿದ್ದೆ," ಎಂದಳು ಓಬವ್ವ. "ಹೋದ ವರ್ಷ ಇಂಥದ್ದೇ ಕಾರ್ಡು ಹಿಡಕೊಂಡು ಬಂದೋರು ನನ್ನ ಸೊಸೆಗೆ ರಕ್ತ ಸಾಕಷ್ಟೈತೆ ಅಂದ್ರು. ತುಂಬಿದ ಬಸುರಿ, ಬಾವಿಕಟ್ಟೆ ಮ್ಯಾಲೆ ಕಣ್ಣು ಕತ್ತಲೆ ಬಂದು ಬಿದ್ಲು. ತಾಯಿ ಮಗು ಉಳಿದಿದ್ದು ನಮ್ಮ ಪುಣ್ಯ. ಅವತ್ತಿಂದ ಈ ಕಾರ್ಡು ನಂಬಬೇಕೋ ಬ್ಯಾಡೋ ಅನ್ನೋದು ನನಗೆ ಬಗೆಹರಿದಿಲ್ಲ. ಒಬ್ಬರದೇ ರಕ್ತಾನ ಹದಿನಾಲ್ಕು ಜನ ನೋಡಿದ್ರೆ ಗೊತ್ತಾಗ್ತೈತೆ ಅಂತ ಹಿಂಗೆ ಮಾಡಿದೆ. ನೋಡ್ರಿ, ಏಳೂ ಐತೆ, ಹದಿಮೂರೂ ಐತೆ."

ಡಾಕ್ಟರಮ್ಮ ಪುಸ್ತಕವನ್ನು ಮತ್ತೊಮ್ಮೆ ತಿರುವಿ ನೋಡಿದರು. ಆಮೇಲೆ ಪೆನ್ನು ತೆಗೆದು ಹದಿನಾಲ್ಕು ಹೆಸರುಗಳನ್ನೂ ಹೊಡೆದುಹಾಕಿ, ಪ್ರತಿಯೊಂದರ ಮೇಲೂ ‘ಉಚ್ಚಂಗೆಪ್ಪ’ ಎಂದು ಬರೆದರು.

"ಸುಳ್ಳು ಬರೆದದ್ದಕ್ಕೆ ನಿಮಗೆ ನೋಟಿಸು ಕೊಡಬೇಕಿತ್ತು," ಎಂದರು. "ಆದರೆ ನಾನು ಕೇಳಬೇಕಾಗಿದ್ದ ಮೊದಲ ಪ್ರಶ್ನೆಯನ್ನು ಓಬವ್ವನವರು ಕೇಳಿದ್ದಾರೆ. ಇದನ್ನು ಚನ್ನಗಿರಿ, ನ್ಯಾಮತಿ, ಜಗಳೂರು ಕಡೆಯೂ ನೋಡಬೇಕು."

ನೋಟಿಸು ತಪ್ಪಿದ ಖುಷಿಯಲ್ಲಿ ಉಚ್ಚಂಗೆಪ್ಪ ಎದ್ದು ನಿಂತ. "ಖಂಡಿತ ನೋಡಬೇಕು ಮೇಡಂ. ಆಯಾ ಊರಿನಲ್ಲಿ ಒಬ್ಬೊಬ್ಬ ಗಟ್ಟಿಗನನ್ನು ಹಿಡಿದರೆ..."

ಶಾಂತಾದೇವಿಯವರು ಓಬವ್ವನ ಕಡೆ ತಿರುಗಿದರು. "ಪಾಲುದಾರರು ಏನಂತೀರಿ?"

"ರಕ್ತ ಬದಲಾದ್ರೆ ಪರೀಕ್ಷೆ ಕೆಡ್ತೈತೆ," ಎಂದಳು ಓಬವ್ವ. "ಎಲ್ಲಾ ಕಡೆ ಇವರೇ ಆಗಬೇಕು."

ಉಚ್ಚಂಗೆಪ್ಪ ಊದಿದ ಎಡಗೈಯನ್ನು ಅವಳ ಮುಖದ ಮುಂದೆ ಹಿಡಿದ. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಇನ್ನೊಂದು ಕೈ ಎತ್ತಿ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

"ಬಲಗೈ ಹಂಗೇ ಐತಲ್ರಿ," ಎಂದಳು.