ಕೊಡೆ ಕಂಪನಿಯ ಬೀಗದ ಕೈ

“ಸಮಸ್ತ ಸಿಬ್ಬಂದಿ ವರ್ಗಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸಂಸ್ಥೆಯ ಉಜ್ವಲ ಭವಿಷ್ಯವನ್ನು ಗಮನದಲ್ಲಿರಿಸಿಕೊಂಡು, ಇಂದಿನಿಂದ ಚಹಾಕ್ಕೆ ಸಕ್ಕರೆ ಹಾಕತಕ್ಕದ್ದಲ್ಲ.”

ಪರವೂರಿನಲ್ಲಿದ್ದ ಯಜಮಾನರು ಫೋನಿನಲ್ಲಿ ಹೊರಡಿಸಿದ ಈ ಘನ ಆಜ್ಞೆಯನ್ನು ಆಯ್ತಪ್ಪ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ. ಸಮಸ್ತ ಸಿಬ್ಬಂದಿ ಎಂದರೆ ಇಬ್ಬರು: ಬರೆದ ಅವನು, ಓದಬೇಕಾದ ಲೆಕ್ಕದಮ್ಮ. ಯಾರು ಏನು ಹೇಳಿದರೂ ‘ಆಯ್ತಪ್ಪ’ ಎನ್ನುತ್ತಿದ್ದುದರಿಂದ ಅವನಿಗೆ ಅದೇ ಹೆಸರು ಅಂಟಿಕೊಂಡಿತ್ತು.

ಅದು ಕೊಡೆ ಮಾಡುವ ಕಂಪನಿ. ಒಳ್ಳೆಯ ಕಾಲದಲ್ಲಿ ಊರಿಗೆಲ್ಲ ಕೊಡೆ ಕೊಟ್ಟಿತ್ತು. ಈಗ ನೌಕರರು ಏನು ಕೇಳಿದರೂ ‘ಕೊಡೆ’ ಎನ್ನುತ್ತಿತ್ತು. ಸೂರು ಸೋರತೊಡಗಿದಾಗ ಅವರು ತಾವೇ ಮಾಡಿದ ಕೊಡೆ ಬಿಚ್ಚಿಕೊಂಡು ಕೂತರು. ಕೊಡೆಯೂ ಸೋರಿತು. ಗಿರಾಕಿಗಳು ಯಾಕೆ ಬರುತ್ತಿಲ್ಲ ಎಂಬುದು ಅಂದು ಎಲ್ಲರ ತಲೆಗೂ ಇಳಿಯಿತು, ತಣ್ಣಗೆ.

ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಹೋಗುವವರಿಗೆ ಒಂದೇ ಕಟ್ಟಳೆ: ಕಾರ್ಖಾನೆಯ ಬೀಗದ ಕೈಗೊಂಚಲನ್ನು, ಅದರ ಜೊತೆಗೆ ಬರುವ ಅಧಿಕಾರವನ್ನು, ಉಳಿದ ನೌಕರರೊಬ್ಬರ ಕೈಗೆ ದಾಟಿಸಿಯೇ ಹೋಗಬೇಕು. ಗೊಂಚಲು ಮ್ಯಾನೇಜರಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಲೆಕ್ಕದಮ್ಮನಿಗೆ ಬಂದು ನಿಂತಿತ್ತು.

ಆಯ್ತಪ್ಪನಿಗೆ ಒಳಗೊಳಗೇ ಖುಷಿ. ಟೋಪಿ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ನಾಳೆಯೇ ಸೇರಬೇಕು, ಇವತ್ತು ಇಲ್ಲಿಂದ ಬಿಡುಗಡೆಯಾಗದಿದ್ದರೆ ಆ ಟೋಪಿ ಇನ್ನೊಬ್ಬರ ತಲೆಗೆ. ಗೊಂಚಲು ಲೆಕ್ಕದಮ್ಮನ ಸೊಂಟದಲ್ಲಿ ಭದ್ರವಾಗಿರುವಾಗ ಚಿಂತೆ ಯಾತಕ್ಕೆ?

ಲೆಕ್ಕದಮ್ಮ ಬಂದರು, ಬೋರ್ಡು ಓದಿದರು, ಕಾವಲಿ ಮೇಲಿನ ನೀರಿನಂತೆ ಚುರ್ರೆಂದರು.

“ಫ್ಯಾನ್ ಕಿತ್ರು, ಸುಮ್ನಿದ್ದೆ. ಕುರ್ಚಿ ಕಿತ್ರು, ನಿಂತ್ಕೊಂಡೇ ಲೆಕ್ಕ ಬರೆದೆ. ಈಗ ಸಕ್ಕರೆಗೂ ಕೈ ಹಾಕಿದ್ರಾ? ತಗೋ, ಹಿಡ್ಕೋ!”

ಗೊಂಚಲು ಆಯ್ತಪ್ಪನ ಅಂಗೈಗೆ ಬಿತ್ತು.

“ಅಮ್ಮಾ, ಅಮ್ಮಾ! ನಾನೂ ಇವತ್ತೇ ಬಿಡ್ಬೇಕು ಅಂತ...”

“ನೀನು ಮನಸ್ಸಲ್ಲಿ ಬಿಟ್ಟೆ, ನಾನು ಬಾಯಲ್ಲಿ ಬಿಟ್ಟೆ. ನಾನೇ ಮೊದ್ಲು!” ಎಂದವರು ಚಪ್ಪಲಿ ಮೆಟ್ಟಿ ನಡೆದೇ ಬಿಟ್ಟರು.

ಆಯ್ತಪ್ಪ ಬಾಲ ಸುಟ್ಟ ಬೆಕ್ಕಿನಂತೆ ಕಾರ್ಖಾನೆಯೆಲ್ಲ ಸುತ್ತಿದ. ದಾಟಿಸೋಣವೆಂದರೆ ಆಚೆ ದಡದಲ್ಲಿ ಯಾರೂ ಇಲ್ಲ. ಸುಮ್ಮನೆ ಹೊರಟರೆ ಇಡೀ ಕಂಪನಿಯನ್ನೇ ಜೇಬಿಗಿಳಿಸಿಕೊಂಡು ಹೋದ ಕಳ್ಳನಾಗುತ್ತಾನೆ. ಆಗ ಹೊಳೆಯಿತು: ಗೊಂಚಲಿನ ಜೊತೆ ಅಧಿಕಾರವೂ ಬಂದಿದೆಯಲ್ಲ! ಹೊಸಬನೊಬ್ಬನನ್ನು ನೇಮಿಸಿ, ಅವನ ಕೈಗೇ ಇಟ್ಟರಾಯಿತು.

ಎದುರಿನ ದರ್ಜಿಯ ಹತ್ತಿರ ಓಡಿದ. “ಆಫೀಸರ್ ಮಾಡ್ತೀನಿ, ಬನ್ನಿ.”

“ಹರಿದ ಬಟ್ಟೆ ಆದ್ರೆ ಹೊಲೀತೀನಿ. ಹರಿದ ಕಂಪನಿಗೆ ನನ್ನ ಹತ್ರ ಸೂಜಿ ಇಲ್ಲ ಸ್ವಾಮಿ.”

ಚಹಾದಂಗಡಿಯವನು ದೂರದಿಂದಲೇ ಕೈ ಮುಗಿದ. ಸಕ್ಕರೆಯ ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು.

ಕೊನೆಗೆ ಹೆಂಡತಿಗೆ ಫೋನು ಮಾಡಿದ. “ಊರೆಲ್ಲ ಯಾಕೆ ಹುಡುಕ್ತೀರಿ? ನನ್ನ ತಮ್ಮ ಮನೇಲೇ ಇದ್ದಾನಲ್ಲ!” ಎಂದಳು ಆಕೆ.

ಭಾಮೈದ ಮನೆಯಲ್ಲಿದ್ದ ಎಂಬುದಕ್ಕಿಂತ ಸೋಫಾದ ಮೇಲೆ ಬೇರು ಬಿಟ್ಟಿದ್ದ ಎನ್ನುವುದೇ ಸರಿ. ಅಕ್ಕ ನೀರೆರೆಯುವುದನ್ನು ನಿಲ್ಲಿಸುತ್ತೇನೆಂದು ಬೆದರಿಸಿದ ಮೇಲೆ ಎದ್ದು, ಆಕಳಿಸುತ್ತ ಬಂದ.

“ಭಾವ, ಇಲ್ಲಿ ಮಲಗೋಕೆ ಜಾಗ ಇದ್ಯಾ?”

“ಕಂಪನಿಯೇ ಮಲಗಿದೆ, ನೀನೂ ಮಲಗು. ಮೊದ್ಲು ಇದನ್ನ ಹಿಡಿ.”

ಗೊಂಚಲು ದಾಟಿತು. ಆಯ್ತಪ್ಪ ಅಲ್ಲೇ ನಿಂತು ಬಾಯಿತುಂಬ ರಾಜೀನಾಮೆ ಹೇಳಿದ. ಭಾಮೈದ ಮ್ಯಾನೇಜರ್ ಕೋಣೆಯಲ್ಲಿ ಉಳಿದಿದ್ದ ಒಂದೇ ಕುರ್ಚಿಯಲ್ಲಿ ಕೂತ. ಕೂತದ್ದೇ ತಡ, ಗಾಳಿ ಹೊಕ್ಕ ಕೊಡೆಯಂತೆ ಅರಳಿಕೊಂಡ.

“ರಾಜೀನಾಮೆ ಒಪ್ಪಿದೀವಿ. ಸಂಜೆ ಗಂಟೆ ಹೊಡೆದ ಮೇಲೆ ನೀವು ಹೋಗ್ಬಹುದು. ಮತ್ತೆ ಭಾವ, ಇನ್ಮೇಲೆ ಬಾಗಿಲು ತಟ್ಟಿ ಒಳಗೆ ಬನ್ನಿ.”

ಸಂಜೆಯವರೆಗೆ ತಾನೇ? ಆಯ್ತಪ್ಪ ಹಲ್ಲು ಕಚ್ಚಿಕೊಂಡು ಹೊರಗೆ ನಿಂತ. ಒಳಗೆ ಫೋನು ಬಡಿದುಕೊಂಡಿತು.

“ಹಲೋ... ಹೂಂ, ಆಫೀಸರೇ ಮಾತಾಡ್ತಿರೋದು. ಟೋಪಿ ಕಂಪನಿಯೋರಾ? ಹೇಳಿ... ಅವರಾ? ಬಹಳ ಒಳ್ಳೇವ್ರು, ನನ್ನ ಕೈಕೆಳಗೇ ದುಡಿದಿದ್ದಾರೆ... ಎಷ್ಟು ದಿನದಿಂದಾನಾ? ಊಟ ಆದಾಗಿಂದ... ಹೌದು, ಇವತ್ತಿನ ಊಟಾನೇ.”

ಆಯ್ತಪ್ಪ ಬಾಗಿಲು ಬಡಿದ. ಅಪ್ಪಣೆ ಸಿಗಲಿಲ್ಲ.

“ನಾನಾ? ನಾನು ಸೇರಿದ ದಿನವೇ ಆಫೀಸರ್ ಆದೆ... ಅಯ್ಯೋ, ಅಷ್ಟೆಲ್ಲ ಹೊಗಳ್ಬೇಡಿ... ನಾಳೆನಾ? ಬರ್ತೀನಿ, ಅದಕ್ಕೇನಂತೆ!”

ಆಯ್ತಪ್ಪ ಬಾಗಿಲು ತಳ್ಳಿಕೊಂಡು ನುಗ್ಗಿದ. “ಏನಂದ್ರೋ?”

“ಈಗಿನ ಆಫೀಸರ್ ಕೈಕೆಳಗೆ ವರ್ಷವಾದ್ರೂ ದುಡಿದಿರ್ಬೇಕಂತೆ, ಇಲ್ದಿದ್ರೆ ಆ ಆಫೀಸರ್ ಶಿಫಾರಸು ನಡಿಯೋದಿಲ್ವಂತೆ. ನಿಮ್ದು ಅರ್ಧ ದಿನಾನೂ ಆಗಿಲ್ಲ, ಏನ್ಮಾಡೋದು? ಆದ್ರೆ ಒಂದೇ ದಿನಕ್ಕೆ ಮೇಲೆ ಬಂದವನು ಅಂತ ನಿಮ್ಮ ಬದಲು ನನ್ನ ಕರೆದ್ರು. ಹಿಡೀರಿ ಭಾವ.” ಗೊಂಚಲು ಆಯ್ತಪ್ಪನ ಜೇಬಿಗೆ ಝಣ್ಣೆಂದು ಇಳಿಯಿತು.

“ಲೋ! ನಾನು ನೌಕರನೇ ಅಲ್ಲ ಕಣೋ! ನೀನೇ ರಾಜೀನಾಮೆ ಒಪ್ಪಿದೀಯ!”

“ಗಂಟೆ ಹೊಡೆದ ಮೇಲೆ ಅಂದಿದ್ದೆ. ಹೊಡೆದಿದ್ಯಾ?”

“ಹೊಡೆಯೋರು ಯಾರು?”

“ಬೀಗದ ಕೈ ಇರೋರು,” ಎಂದ ಭಾಮೈದ, ಬಾಗಿಲಲ್ಲಿ ನಿಂತು ಮೈಮುರಿಯುತ್ತ. “ಬೇಗ ಹೊಡೀರಿ ಭಾವ. ಮನೆಗೆ ಹೋಗಿ ಮಲಗ್ಬೇಕು. ನಾಳೆಯಿಂದ ಕೆಲಸ ಇದೆ ನಂಗೆ.”