ನಾನು ಸೊಸೈಟಿಗೆ ಹೊತ್ತು ಒಯ್ದ ಕುರ್ಚಿ

ನಮ್ಮೂರ ರೈತರ ಸಹಕಾರಿ ಸಂಘಕ್ಕೆ ಎಲ್ಲರೂ ಸೊಸೈಟಿ ಎನ್ನುತ್ತಿದ್ದರು. ಅಲ್ಲಿ ನಾನು ಹತ್ತು ವರ್ಷ ಡೈರೆಕ್ಟರ್ ಆಗಿದ್ದೆ. ನಗುವಂಥದ್ದು ತಿಂಗಳಿಗೊಂದಾದರೂ ನಡೆಯುತ್ತಿತ್ತು. ಮನೆಗೆ ಬಂದು ನಗೋಣವೆಂದು ಕೂತರೆ ಮಾತ್ರ ನಗು ಬರುತ್ತಿರಲಿಲ್ಲ.

೧. ಮೀಟಿಂಗ್ ಇದ್ದ ದಿನ

ತೊಂಬತ್ತರ ದಶಕದ ಕೊನೆಯ ಮಾತು. ಹನ್ನೊಂದು ಡೈರೆಕ್ಟರುಗಳಲ್ಲಿ ಒಂದು ಜಾಗ ಹೆಂಗಸರಿಗೆ ಮೀಸಲಾಯಿತು. ನಾನು ಸಾಲಿ ಕಂಡವಳಲ್ಲ. ನಾಲ್ಕೆಕರೆ ಹೊಲ ಒಬ್ಬಳೇ ನಡೆಸುತ್ತ, ಗೊಬ್ಬರದ ಚೀಲದ ಮೇಲಿನ ಅಕ್ಷರ ಕೂಡಿಸಿ ಓದು ಕಲಿತವಳು. ನಿಂತೆ, ಆರಿಸಿ ಬಂದೆ. ಮೊದಲ ಮೀಟಿಂಗಿಗೆ ಇದ್ದುದರಲ್ಲಿ ಛಲೋ ಇಳಕಲ್ ಸೀರೆ ಉಟ್ಟು ಹೋದರೆ ಸೆಕ್ರೆಟರಿ ಬಾಗಿಲಿಗೆ ಕೀಲಿ ಹಾಕುತ್ತಿದ್ದ.

"ಅಕ್ಕಾರ, ಇವತ್ತ್ಯಾಕ ಬಂದ್ರಿ? ಇವತ್ತು ಮೀಟಿಂಗ್ ಐತ್ರಿ, ಇಲ್ಲೆ ಯಾರೂ ಇರೂದಿಲ್ಲ!"

ಅವನ ಬಗಲಲ್ಲಿ ಸಭೆಯ ನಿರ್ಣಯ ಬರೆಯುವ ಠರಾವು ಪುಸ್ತಕ. ಡೈರೆಕ್ಟರುಗಳ ಮನೆಮನೆಗೆ ಹೋಗಿ ಸಹಿ ತರುವುದಕ್ಕೇ ಮೀಟಿಂಗ್ ಅನ್ನುತ್ತಿದ್ದರು.

"ನಾ ಇಲ್ಲೇ ಕುಂಡ್ರತೇನಿ," ಎಂದೆ.

"ಕುರ್ಚಿ ಒಂದ ಐತ್ರಿ. ಅದು ನಂದು."

ಹತ್ತಿ ಮಾರಿ ಬಂದ ದಿನ ಹುಬ್ಬಳ್ಳಿಯಲ್ಲಿ ಕೊಂಡಿದ್ದ ನನ್ನ ಕಬ್ಬಿಣದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಒಯ್ದೆ. ನಮ್ಮೂರ ಮಂದಿ ಸಹಕಾರ ಚಳವಳಿಯನ್ನು ಬಾಗಿಲಿಗೆ ಬಂದು ನೋಡಿದ್ದು ಅದೊಂದೇ ಸಲ.

೨. ಹಿಂದಿನ ಸಭೆ

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಅವನ ಕುರ್ಚಿಯಲ್ಲಿ ಅವನು, ನನ್ನ ಕುರ್ಚಿಯಲ್ಲಿ ನಾನು. ನನ್ನದು ಒಂದೇ ಹಟ: ಹನ್ನೊಂದೂ ಮಂದಿ ಒಂದು ಸಲ ಕೂಡಿ ಕೂತು, ಶೇಂಗಾ ಬೀಜವನ್ನು ಮಳೆಗಿಂತ ಮೊದಲು ತರಿಸುವ ಮಾತಾಡಬೇಕು. ಬೀಜ ಪ್ರತಿ ವರ್ಷ ಬಿತ್ತನೆ ಮುಗಿದ ಮೇಲೆ ಬರುತ್ತಿತ್ತು; ಮಂದಿ ಅದನ್ನು ಹುರಿದು ತಿನ್ನುತ್ತಿದ್ದರು. ಚೇರ್ಮನ್ನರ ಮನೆಗೇ ಹೋಗಿ ಕೇಳಿದೆ.

"ತಂಗೀ, ಮೊದಲ ಹಿಂದಿನ ಸಭಾ ಓದಿ ಒಪ್ಪಬೇಕು. ಕಾಯ್ದೆ ಐತಿ," ಎಂದರು.

"ಹಿಂದಿನ ಸಭಾ ಆಗೇ ಇಲ್ಲಲ್ರೀ ಗೌಡ್ರ!"

"ಅದಕ್ಕ ಅದರಾಗ ಒಂದೂ ಜಗಳಿಲ್ಲ. ಓದಿ ನೋಡು, ಎಷ್ಟು ಛಲೋ ಆಗೇತಿ!"

ಓದಿದೆ. ಬೀಜ ಸಕಾಲಕ್ಕೆ ಬಂದದ್ದಕ್ಕೆ ಚೇರ್ಮನ್ನರನ್ನು ಅಭಿನಂದಿಸಿ ನಾನೇ ಭಾಷಣ ಮಾಡಿದ್ದೆ.

೩. ಸಪ್ತಾಪುರದ ತರಬೇತಿ

ಮಹಿಳಾ ಡೈರೆಕ್ಟರುಗಳಿಗೆ ಸಪ್ತಾಪುರದಲ್ಲಿ ಒಂದು ದಿನದ ತರಬೇತಿ ಇಟ್ಟರು. ಕಾಯ್ದೆ ಕಲಿತು ಬಂದರೆ ನಮ್ಮ ಡೈರೆಕ್ಟರುಗಳನ್ನು ಕೂಡಿಸಬಹುದು ಎಂದು ಮೊದಲ ಬಸ್ಸಿಗೇ ಹೋದೆ. ಸಭಾಗೃಹದ ತುಂಬ ಗಂಡಂದಿರು. ಹೆಂಡತಿಯ ಹೆಸರು ಕೂಗಿದಂತೆ ಒಬ್ಬೊಬ್ಬ ಹುರಿಮೀಸೆಯವನು ಎದ್ದು "ಹಾಜರ್ರೀ" ಎನ್ನುತ್ತಿದ್ದ. ತರಬೇತಿ ಕೊಡುವ ಸಾಹೇಬರು ತಲೆ ಎತ್ತದೆ ಹಾಳೆ ನೋಡಿ, "ಸಹೋದರಿಯರೇ, ಅಡುಗೆಮನೆಯಿಂದ ಹೊರಗೆ ಬನ್ನಿ" ಎಂದು ಓದಿದರು. ಮೀಸೆಗಳೆಲ್ಲ ಚಪ್ಪಾಳೆ ತಟ್ಟಿದವು.

ಕಡೆಗೆ ನಾನು ಕಣ್ಣಿಗೆ ಬಿದ್ದೆ. "ಅವ್ವಾರ, ನೀವು ಯಾರ ಪರವಾಗಿ ಬಂದೀರಿ?"

"ನನ್ನ ಪರವಾಗಿನ ಬಂದೇನ್ರಿ."

ಸಾಹೇಬರು ಫಾರ್ಮನ್ನು ಹಿಂದೆ ಮುಂದೆ ತಿರುವಿ ನೋಡಿ ಸಿಪಾಯಿಯನ್ನು ಕೇಳಿದರು: "ಇವರನ್ನ ಯಾವ ಕಾಲಮ್ಮಿನ್ಯಾಗ ಬರಿಯೂದೋ?"

೪. ಕೂಡಿದ ಸಭೆ

ಕಾಯ್ದೆ ಕಲಿತು ಬಂದೆ, ಯಾರೂ ಕೂಡಲಿಲ್ಲ. ಬೀಜಕ್ಕೆ ಮಂದಿ ಹುಬ್ಬಳ್ಳಿ ಅಂಗಡಿಗಳ ದಾರಿ ಹಿಡಿದರು. ಸೊಸೈಟಿಯ ಗೋದಾಮಿನಲ್ಲಿ ಇಲಿಗಳೂ ಉಳಿಯಲಿಲ್ಲ. ಅದರಿಂದ ಊರಲ್ಲಿ ಉಳಿದದ್ದೆಂದರೆ ಒಂದು ಅಭ್ಯಾಸ: ಈಗಲೂ ಕೆರೆಯ ಹೂಳು ತೆಗೆಯಬೇಕೆಂದರೆ ಒಂದು ಪುಸ್ತಕ ಮನೆಮನೆಗೆ ಹೋಗಿ ಸಹಿ ತರುತ್ತದೆ. ಹೂಳು ಕೆರೆಯಲ್ಲೇ ಇರುತ್ತದೆ.

ಕಡೆಗೊಮ್ಮೆ ಸಂಘ ಮುಚ್ಚಲು ಅಧಿಕಾರಿ ಬಂದರು. ಸಾಮಾನಿಗೆಲ್ಲ ಚೀಟಿ ಅಂಟಿಸುತ್ತ ನನ್ನ ಕುರ್ಚಿಗೂ ಅಂಟಿಸಿದರು. ಯಾವುದೋ ತಪಾಸಣೆಗೆ ಅಂಜಿದ ಸೆಕ್ರೆಟರಿ ಅದನ್ನೂ ಸಂಘದ ಆಸ್ತಿ ಎಂದು ಬರೆದುಬಿಟ್ಟಿದ್ದ.

"ಅದು ನಿಮ್ಮದ ಅಂತ ಡೈರೆಕ್ಟರ್ ಎಲ್ಲಾರೂ ಕೂಡಿ ಬರದು ಕೊಡ್ರಿ, ಬಿಡ್ತೇನಿ," ಎಂದರು ಅಧಿಕಾರಿ.

"ಇವರು ಕೂಡೂದ? ಕುರ್ಚಿ ನೀವ ಇಟ್ಕೊಳ್ರಿ," ಎಂದೆ.

ಸಂಘದ ಆಸ್ತಿ ಒಬ್ಬ ಹೆಂಗಸಿನ ಪಾಲಾಗುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಮರುದಿನ ಹತ್ತೂ ಮಂದಿ ವಿಭೂತಿ ಹಚ್ಚಿ, ತಲೆಗೆ ಗರಿಗರಿ ಪಟಕಾ ಸುತ್ತಿ ಹಾಜರಾದರು. ಒಂಬತ್ತು ಮಂದಿ ಖಾಲಿ ಚೀಲ ಹಾಸಿ ಕೂತರು. ಕುರ್ಚಿ ಅವಳದೇ ಎಂದರು ಒಬ್ಬರು. ಹತ್ತು ವರ್ಷ ಸಂಘದ ನೆರಳಲ್ಲಿದ್ದದ್ದು ಸಂಘದ್ದೇ ಎಂದರು ಇನ್ನೊಬ್ಬರು. ಮತ್ತೊಬ್ಬರು ಎದ್ದು ನಿಂತು ಕಾಯ್ದೆ ತೆಗೆದರು. ಮೂರು ತಾಸು ನಡೆಯಿತು. ಹತ್ತು ವರ್ಷ ನಾನು ಬೇಡಿದ ಸಭೆ ಇದೇ. ಇದರಲ್ಲಿ ಅರ್ಧ ತಾಸು ಶೇಂಗಾ ಬೀಜಕ್ಕೆ ಸಿಕ್ಕಿದ್ದರೆ ಸೊಸೈಟಿ ಉಳಿಯುತ್ತಿತ್ತು. ಎಂದೂ ಅಳದ ನನಗೆ ಕಣ್ಣು ತುಂಬಿ ಬಂದವು.

ಚೇರ್ಮನ್ನರು ನೋಡಿದರು. "ಅಳಬ್ಯಾಡ ತಂಗೀ, ಠರಾವು ಪಾಸಾತು. ಕುರ್ಚಿ ವಿಚಾರಕ್ಕ ಉಪಸಮಿತಿ ಮಾಡೇವಿ, ಮುಂದಿನ ಸಭಾದಾಗ ನೋಡೂಣು. ಮುಂಜಾನಿಂದ ಹಂಗ ನಿಂತೀಯಲ್ಲ, ಒಂದೀಟು ಕುಂಡ್ರಬಾರದ?" ಎಂದರು, ನನ್ನ ಕುರ್ಚಿಯಲ್ಲಿ ಕೂತುಕೊಂಡೇ.